ಎರಡನೇ ಮಹಾಂತೇಶ

ಪುಟ್ಟೇನಹಳ್ಳಿ, ಜೆ.ಪಿ. ನಗರ ೭ನೇ ಹಂತ
ಬೆಂಗಳೂರು
೧೩ ನವೆಂಬರ್ ೨೦೨೫, ಗುರುವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಕಿವಿ ಹೇಗಿದೆ? ಎಡಗಿವಿಯೊಳಗಿನ ಆ ಶಿಳ್ಳೆ ನಿಂತಿತೋ, ಇನ್ನೂ ಕೂಗುತ್ತಿದೆಯೋ? ಫೋಟೋದಲ್ಲಿ ನಿನ್ನ ಕಿವಿಯ ಹಿಂದೆ ಚಿಕ್ಕದೊಂದು ಮಿಷನ್ ಕಂಡಿತು. ಯಾರೋ ಒಳ್ಳೆಯ ಡಾಕ್ಟರಿಗೆ ತೋರಿಸಿದ್ದೀಯ ಎಂದು ಸಮಾಧಾನವಾಯಿತು. ಆ ಫೋಟೋ ನನ್ನ ಕೈಗೆ ಹೇಗೆ ಬಂತು ಎಂಬುದನ್ನು ಮುಂದೆ ಬರೆಯುತ್ತೇನೆ, ಗಾಬರಿಯಾಗಬೇಡ. ಹೊತ್ತು ಹೊತ್ತಿಗೆ ಉಣ್ಣುತ್ತಿದ್ದೀಯ ತಾನೆ? ಮಠದ ಹಾಸ್ಟೆಲಿನಲ್ಲಿ ಇನ್ನೂರು ಮಕ್ಕಳಿಗೆ ಬಡಿಸುವವನು ತನ್ನ ತಟ್ಟೆ ಮರೆಯುತ್ತಾನೆ ಎಂಬುದು ಅಮ್ಮನ ಅನುಮಾನ. ಅಮ್ಮನ ಬಿಪಿ ಮಾತ್ರೆಯ ಹಿಡಿತದಲ್ಲಿದೆ. ಮಂಡಿನೋವು ಮೆಟ್ಟಿಲು ಇಳಿಯುವಾಗ ಹೆಚ್ಚು, ಹತ್ತುವಾಗ ಕಡಿಮೆ. ಅದು ಹೇಗೆ ಎಂದು ಕೇಳಿದರೆ ಅವಳಿಗೇ ಗೊತ್ತಿಲ್ಲ. ನನ್ನ ಆರೋಗ್ಯ ಚೆನ್ನಾಗಿದೆ, ತೂಕ ಮಾತ್ರ ಏರಿದೆ. ಮನೆಯಿಂದ ಹೊರಗೆ ಹೋಗದವನ ತೂಕ ಇನ್ನೇನಾಗುತ್ತದೆ.

ಮೇಲಿನ ವಿಳಾಸ ನಿನಗೆ ಹೊಸದು. ಯಡಿಯೂರಿನ ಮನೆ ಬಿಟ್ಟು ಎರಡು ವರ್ಷವಾಯಿತು. ಅಪ್ಪ ಬದುಕಿದ್ದರೆ ಬಿಡುತ್ತಿರಲಿಲ್ಲ. ಕೆರೆಯ ಏರಿಯ ಮೇಲೆ ಅಮ್ಮನ ಜೊತೆ ನಡೆಯುತ್ತಿದ್ದ ಹೆಂಗಸರು ಈಗಲೂ ಫೋನ್ ಮಾಡುತ್ತಾರೆ. ಅಮ್ಮ ಎರಡು ಮಾತಾಡಿ ಇಟ್ಟುಬಿಡುತ್ತಾಳೆ, ಏಕೆಂದರೆ ಮೂರನೇ ಮಾತಿಗೆ ಅವರು ಮಕ್ಕಳ ಸುದ್ದಿ ಕೇಳುತ್ತಾರೆ. ಮನೆ ಬಿಟ್ಟ ಕಾರಣ ನಾನು. ಕಾರಣ ನೀನು ಎಂದೂ ಬರೆಯಬಹುದು, ಆದರೆ ಜಗಳ ಕಾಯಲು ಈ ಪತ್ರ ಬರೆಯುತ್ತಿಲ್ಲ. ನೀನು ಹೊರಟ ಮೇಲೆ ಇಲ್ಲಿ ಏನಾಯಿತು ಎಂಬುದು ನಿನಗೆ ಗೊತ್ತಿರಲಾರದು. ಗೊತ್ತಿದ್ದೂ ಸುಮ್ಮನಿದ್ದೀಯ ಎಂದು ನಂಬಲು ನನಗೆ ಮನಸ್ಸಿಲ್ಲ. ಅದಕ್ಕೇ ಮೊದಲಿನಿಂದ ಬರೆಯುತ್ತೇನೆ.

ನೀನು ಹೋದದ್ದು ೨೦೨೩ರ ಆಗಸ್ಟಿನ ಒಂದು ಶುಕ್ರವಾರ. ಫ್ರಿಜ್ಜಿನ ಮೇಲೆ ಚೀಟಿ ಇತ್ತು. ‘ಕಿವಿಯಲ್ಲಿ ಕುಕ್ಕರ್ ಕೂಗಿದ ಹಾಗೆ ಆಗ್ತಿದೆ. ನಿಲ್ಲೋ ತನಕ ಬರಲ್ಲ. ಹುಡುಕಬೇಡಿ, ಯಾರಿಗೂ ಹೇಳಬೇಡಿ.’ ಮೂರೇ ಸಾಲು. ಮಾರನೇ ದಿನ ಶನಿವಾರ ಕಾಲೇಜು ಮೈದಾನದಲ್ಲಿ ನಿಮ್ಮ ಬ್ಯಾಂಡ್ ‘ಅಗ್ಗಿಷ್ಟಿಕೆ’ಯ ಶೋ, ಆರು ಸಾವಿರ ಜನ. ಮ್ಯಾನೇಜರ್ ಪ್ರಮೋದ್ ಶನಿವಾರ ಬೆಳಿಗ್ಗೆ ಬಂದು ಚೀಟಿ ಓದಿ ಸೋಫಾದ ಮೇಲೆ ಕುಳಿತವನು ಬಹಳ ಹೊತ್ತು ನನ್ನ ಮುಖವನ್ನೇ ನೋಡಿದ. ಆಮೇಲೆ ಕೇಳಿದ, “ಮಗಾ, ನಿನಗೆ ಅವನ ಎಲ್ಲಾ ಗಿಟಾರ್ ಪೀಸೂ ಬರುತ್ತೆ ಅಲ್ವಾ?” ಬರುತ್ತಿತ್ತು. ಹತ್ತು ವರ್ಷ ನಿನ್ನ ಗಿಟಾರಿಗೆ ತಂತಿ ಕಟ್ಟಿ, ಟ್ಯೂನ್ ಮಾಡಿ ಕೈಗೆ ಕೊಟ್ಟವನು ನಾನೇ. ನಮ್ಮಿಬ್ಬರ ಎತ್ತರ ಒಂದೇ, ಗಡ್ಡ ಒಂದೇ. ನೀನು ವೇದಿಕೆಯ ಮೇಲೆ ಮಾತಾಡುವವನೂ ಅಲ್ಲ, ಮಾತೆಲ್ಲ ಹಾಡುವ ವಸಿಷ್ಠನದು. ಮೇಲಾಗಿ ಬ್ಯಾಂಡಿನ ನಾಲ್ಕು ಜನರ ಮುಖಕ್ಕೂ ಬೂದಿ. ಮೊದಲ ಶೋಗೆ ನೀನು ಅಪ್ಪನ ವಿಭೂತಿ ಗಟ್ಟಿಯನ್ನೇ ಪುಡಿ ಮಾಡಿ ಮುಖಕ್ಕೆಲ್ಲ ಬಳಿದುಕೊಂಡಾಗ ಅಪ್ಪ “ಅದು ಹಣೆಗೆ ಹಚ್ಚೋದು ಕಣೋ, ಮುಖ ಮುಚ್ಚೋಕಲ್ಲ” ಎಂದು ಮೂರು ದಿನ ಮಾತು ಬಿಟ್ಟಿದ್ದು ನೆನಪಿದೆಯೇ?

ನಾನು ಆಗಲ್ಲ ಎಂದೆ. ನಿಜವಾಗಿಯೂ ಎಂದೆ ಅಣ್ಣ. ಒಪ್ಪಿಸಿದ್ದು ಅಮ್ಮ. “ನಿಮ್ಮಣ್ಣನ ಮಾನ ಹೋಗುತ್ತೆ. ಇವತ್ತೊಂದಿನ ನಿಂತ್ಕೊ. ನಾಳೆ ಅವನೇ ಬರ್ತಾನೆ” ಎಂದು ತಾನೇ ಬಟ್ಟಲಲ್ಲಿ ಬೂದಿ ಕಲೆಸಿ ನನ್ನ ಮುಖಕ್ಕೆ ಹಚ್ಚಿದಳು. ಕನ್ನಡಿಯಲ್ಲಿ ನೋಡಿದರೆ ನೀನೇ ನಿಂತಿದ್ದೆ. ಆ ಸಂಜೆ ನಾನು ಒಂದು ತಪ್ಪೂ ಇಲ್ಲದೆ ನುಡಿಸಿದೆ. ಆರು ಸಾವಿರ ಜನ ‘ಮಹಾಂತೇಶ, ಮಹಾಂತೇಶ’ ಎಂದು ಕೂಗಿದರು. ಮುಚ್ಚುಮರೆಯಿಲ್ಲದೆ ಹೇಳುತ್ತೇನೆ, ಖುಷಿಯಾಯಿತು. ಆ ಖುಷಿಯ ಸಂಕಟವನ್ನು ಇವತ್ತಿಗೂ ಉಣ್ಣುತ್ತಿದ್ದೇನೆ.

ಆ ‘ನಾಳೆ’ ನೀನು ಬರಲಿಲ್ಲ. ಮೂರನೇ ವಾರ ಯಾರದೋ ಫೋನಿನಿಂದ ನೀನು ನನಗೆ ಕರೆ ಮಾಡಿ “ಚೆನ್ನಾಗಿದೀನಿ ಕಣೋ, ಯಾರಿಗೂ ಹೇಳ್ಬೇಡ” ಎಂದೆ. ನಾನು ಇಲ್ಲಿಯ ಕಥೆ ಹೇಳಲು ಬಾಯಿ ತೆರೆಯುವಷ್ಟರಲ್ಲಿ ನೀನು ಇಟ್ಟುಬಿಟ್ಟೆ. ಅಮ್ಮ ಆಗ ಬನಶಂಕರಿ ಗುಡಿಗೆ ಹೋಗಿದ್ದಳು. ನಿನ್ನ ದನಿ ಕೇಳಿದವನು ನಾನೊಬ್ಬನೇ. ಅದು ಮುಂದೆ ಎಷ್ಟು ದುಬಾರಿಯಾಯಿತು ಎಂದು ಹೇಳುತ್ತೇನೆ.

ಒಂದು ಶೋ ಹೋಗಿ ಮೈಸೂರಿನದಾಯಿತು, ಹುಬ್ಬಳ್ಳಿಯದಾಯಿತು, ಆಮೇಲೆ ಎಣಿಸುವುದು ಬಿಟ್ಟೆ. ಪ್ರತಿ ಸಲವೂ ಪ್ರಮೋದ್ “ಅವನು ಬರೋ ತನಕ ಅಷ್ಟೇ ಗುರು” ಎನ್ನುತ್ತಿದ್ದ. ಎರಡು ಕರಾರು ಕಾಗದಗಳಿಗೆ ನಿನ್ನ ಹೆಸರಿನ ಸಹಿ ಹಾಕಿಸಿದ. ಹಾಕಿದವನು ನಾನು, ಅದರ ತಪ್ಪು ನನ್ನದೇ. ಆದರೆ ಒಂದೇ ಮನೆಯಲ್ಲಿ ಒಬ್ಬ ಅಣ್ಣ ಒಬ್ಬ ತಮ್ಮ ಎಂದು ಎಲ್ಲರಿಗೂ ಗೊತ್ತಿರುವಾಗ, ತಮ್ಮ ಎಲ್ಲಿ ಎಂದು ಜನ ಕೇಳದೆ ಇರುತ್ತಾರೆಯೇ? ಹಾಗಾಗಿ ತಮ್ಮ ವಿಜಿ ಮಸ್ಕತ್ತಿಗೆ ಕೆಲಸಕ್ಕೆ ಹೋದ ಎಂದು ಎಲ್ಲರಿಗೂ ಹೇಳಿದೆವು. ಯಡಿಯೂರಿನಲ್ಲಿ ನಮ್ಮನ್ನು ಚಡ್ಡಿ ಹಾಕುತ್ತಿದ್ದಾಗಿನಿಂದ ನೋಡಿದವರಿದ್ದಾರೆ, ಅಲ್ಲಿದ್ದರೆ ನಡೆಯುವುದಿಲ್ಲ ಎಂದು ಪ್ರಮೋದ್ ಈ ಫ್ಲ್ಯಾಟು ಹುಡುಕಿದ. ಇಲ್ಲಿ ಬಾಗಿಲ ಮೇಲೆ ನಿನ್ನ ಹೆಸರಿದೆ. ಕೆಳಗಿನ ಮನೆಯ ಗೋವಿಂದಮ್ಮ ನನ್ನನ್ನು ‘ಮಹಾಂತೇಶ್ ಅವರೇ’ ಎನ್ನುತ್ತಾರೆ. ಅವರ ಎದುರು ಬಾಯಿ ತಪ್ಪಬಾರದೆಂದು ಅಮ್ಮ ಮನೆಯೊಳಗೂ ಮಹಾಂತು ಎಂದೇ ಕರೆಯಲು ಶುರು ಮಾಡಿದಳು. ಮೊದಮೊದಲು ಕರೆದ ಮೇಲೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು. ಆಮೇಲೆ ಅದೂ ನಿಂತಿತು.

ಜಯನಗರದ ಮ್ಯೂಸಿಕ್ ಕ್ಲಾಸಿನ ನನ್ನ ಕೆಲಸ ಹೋಯಿತು. ಮಸ್ಕತ್ತಿನಲ್ಲಿರುವವನು ನಾಲ್ಕನೇ ಬ್ಲಾಕಿನಲ್ಲಿ ಪಾಠ ಮಾಡಲು ಹೇಗೆ ಸಾಧ್ಯ? ಅದೇ ಕ್ಲಾಸಿನಲ್ಲಿ ಹಾಡು ಹೇಳಿಕೊಡುತ್ತಿದ್ದ ಜ್ಯೋತ್ಸ್ನಾ ನಿನಗೆ ಗೊತ್ತು. ನೀನೇ ಅವಳ ಮನೆಯವರ ಜೊತೆ ನಮ್ಮ ಮದುವೆಯ ಮಾತಾಡುತ್ತೇನೆ ಎಂದಿದ್ದೆ. ಅವಳಿಗೆ ನಾನು ಎಲ್ಲವನ್ನೂ ಹೇಳಿದೆ. ಒಂದೂವರೆ ವರ್ಷ ಕಾದಳು. ಈ ಮಾರ್ಚಿನಲ್ಲಿ ಕೊನೆಯ ಸಲ ಬಂದಿದ್ದಳು. ಹೊರಗೆಲ್ಲೂ ಕೂರುವಂತಿಲ್ಲ, ಇದೇ ಮನೆಯ ಹಾಲ್‌ನಲ್ಲಿ, ಪರದೆ ಎಳೆದುಕೊಂಡು ಕುಳಿತಿದ್ದೆವು. “ನಾನು ಯಾರನ್ನ ಮದುವೆ ಆಗ್ಲಿ ವಿಜಿ? ಕಾರ್ಡಲ್ಲಿ ಯಾರ ಹೆಸರು ಹಾಕಿಸ್ಲಿ?” ಎಂದಳು. ಅದು ಸಿಟ್ಟಿನ ಮಾತಲ್ಲ, ಉತ್ತರ ಬೇಕಿತ್ತು ಅವಳಿಗೆ. ಅಮ್ಮ ತಂದಿಟ್ಟ ಕಾಫಿ ಕುಡಿದು, ಲೋಟ ತೊಳೆದಿಟ್ಟು ಹೋದಳು. ಈಗ ಮೈಸೂರಿನಲ್ಲಿದ್ದಾಳೆ. ಅದರ ಬಗ್ಗೆ ಇಷ್ಟೇ ಸಾಕು.

ನೀನು ಪಿಯುಸಿಯಲ್ಲಿದ್ದಾಗ ನನಗೆ ಕಥೆ ಹೇಳುತ್ತಿದ್ದೆ. ಹೊರದೇಶದ ಯಾವುದೋ ದೊಡ್ಡ ರಾಕ್ ಬ್ಯಾಂಡಿನವನು ಎಂದೋ ಸತ್ತಿದ್ದಾನಂತೆ, ಅವನ ಜಾಗದಲ್ಲಿ ಅವನಂತೆಯೇ ಇರುವ ಇನ್ನೊಬ್ಬನನ್ನು ನಿಲ್ಲಿಸಿದ್ದಾರಂತೆ, ರೆಕಾರ್ಡಿನ ಕವರ್ ನೋಡಿದರೆ ಗುಟ್ಟು ತಿಳಿಯುತ್ತದಂತೆ ಎಂದು. ನಾವಿಬ್ಬರೂ ನೆಲದ ಮೇಲೆ ಬೋರಲಾಗಿ ಮಲಗಿ ಆ ಚಿತ್ರದಲ್ಲಿ ಯಾರ ಕಾಲಲ್ಲಿ ಚಪ್ಪಲಿಯಿಲ್ಲ ಎಂದು ಹುಡುಕುತ್ತಿದ್ದೆವು. ಎಷ್ಟು ನಗುತ್ತಿದ್ದೆವು. ಹಾಗೆ ಹುಡುಕುವವರ ಕಣ್ಣಿಗೆ ಗುರಿಯಾದವನಿಗೆ ಹೇಗಿರುತ್ತದೆ ಎಂದು ಆಗ ನಮಗೆ ತೋಚಿರಲೇ ಇಲ್ಲ.

ಕಳೆದ ವರ್ಷ ದಸರಾ ಹೊತ್ತಿಗೆ ಕಾತ್ಯಾಯಿನಿ ಎಂಬ ಹುಡುಗಿ ಯೂಟ್ಯೂಬಿನಲ್ಲಿ ಒಂದು ವಿಡಿಯೋ ಹಾಕಿದಳು. ‘ಇವರು ನಮ್ಮ ಮಹಾಂತೇಶ್ ಅಲ್ಲ’ ಎಂದು ಅದರ ಹೆಸರು. ಹತ್ತು ನಿಮಿಷ, ಕೂಗಾಟವಿಲ್ಲ, ಬರೀ ಒಂದೇ ಮಾತು. ನೀನು ಗಿಟಾರ್ ಸೋಲೊ ಮುಗಿಸಿದ ಮೇಲೆ ಯಾವಾಗಲೂ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದೆಯಂತೆ. ಈಗಿನವರು ಒಂದು ಹೆಜ್ಜೆ ಮುಂದೆ ಬರುತ್ತಾರೆ ಎಂದು ಹಳೆಯ ಹನ್ನೊಂದು ಶೋ, ಹೊಸ ಹನ್ನೊಂದು ಶೋ ಪಕ್ಕಪಕ್ಕ ಇಟ್ಟು ತೋರಿಸಿದಳು. ಅವಳು ಹೇಳಿದ್ದು ನಿಜ. ಹಿಂದೆ ಸರಿಯಬೇಕೆಂದು ನನಗೆ ಗೊತ್ತೇ ಇರಲಿಲ್ಲ.

ಆಮೇಲೆ ಉಳಿದವರು ಶುರು ಮಾಡಿದರು. ಒಬ್ಬ ಕಿವಿಯ ಹಾಲೆ ಅಳೆದ. ಅವನು ‘ನಕಲಿ ಕಿವಿ’ ಎಂದು ಕೆಂಪು ಗೆರೆ ಎಳೆದು ತೋರಿಸಿದ ಫೋಟೋ ೨೦೧೮ರದು, ಆ ಕಿವಿ ನಿನ್ನದೇ. ಒಬ್ಬ ಮೈಕಿನ ಕೋಲಿನ ಪಕ್ಕ ನಿಲ್ಲಿಸಿ ಒಂದಿಂಚು ಗಿಡ್ಡ ಎಂದ, ಅದು ಬೂಟು ಬದಲಾಯಿಸಿದ್ದಕ್ಕೆ. ಹೊಸ ಹಾಡನ್ನು ಹಿಂದುಮುಂದಾಗಿ ಓಡಿಸಿ ‘ನನ್ನನ್ನು ಹೂತಿದ್ದಾರೆ’ ಎಂದು ಕೇಳಿಸುತ್ತದೆ ಎಂದವನೂ ಇದ್ದಾನೆ. ಮೊದಮೊದಲು ಅಮ್ಮನಿಗೆ ಅದೆಲ್ಲ ಓದಿ ಹೇಳುತ್ತಿದ್ದೆ. ಅವಳು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ಅವರು ಹೇಳುವ ಸಾಕ್ಷಿಯೆಲ್ಲ ಸುಳ್ಳು, ಆದರೆ ಹೇಳುವ ವಿಷಯ ಮಾತ್ರ ನಿಜ. ಅದನ್ನು ಯಾರಿಗೆ ಹೇಳಲಿ, ಹೇಗೆ ಹೇಳಲಿ?

ಈ ವರ್ಷದ ಆರಂಭದಿಂದ ಗೇಟಿಗೆ ಜನ ಬರತೊಡಗಿದರು. ಬಿಟಿಎಂ ಲೇಔಟಿನ ಪಿಜಿಗಳಲ್ಲಿರುವ ಹುಡುಗರು ಭಾನುವಾರ ಬೈಕುಗಳಲ್ಲಿ ಬಂದು ಎದುರಿನ ಮರದ ಕೆಳಗೆ ನಿಲ್ಲುತ್ತಾರೆ. ಕೆಟ್ಟವರಲ್ಲ, ಬರೀ ನೋಡುತ್ತಾರೆ. ನಾನು ಬಾಲ್ಕನಿಯಲ್ಲಿ ಬಟ್ಟೆ ಒಣಗಿಸಿದರೆ ಯಾವ ಕೈಯಲ್ಲಿ ಕ್ಲಿಪ್ಪು ಹಾಕಿದೆ ಎಂದು ಸಂಜೆ ವಿಡಿಯೋ ಬರುತ್ತದೆ. ಪುಟ್ಟೇನಹಳ್ಳಿ ಕೆರೆ ನಮ್ಮ ಮನೆಯಿಂದ ಐದು ನಿಮಿಷ. ಬೆಳಿಗ್ಗೆ ಎದ್ದು ಒಂದು ಸುತ್ತು ಹಾಕೋಣ ಎಂದು ಹೋದರೆ ಒಬ್ಬ ಅಂಕಲ್ ನನ್ನ ಪಕ್ಕಪಕ್ಕವೇ ನಡೆಯುತ್ತಾ, “ಬೇಜಾರ್ ಮಾಡ್ಕೋಬೇಡಿ ಸಾರ್, ನನ್ನ ಮಗಳಿಗೋಸ್ಕರ ಕೇಳ್ತಿದೀನಿ, ೨೦೧೬ರಲ್ಲಿ ನಮ್ಮ ಬಡಾವಣೆ ಗಣೇಶನಿಗೆ ಬಂದಿದ್ರಲ್ಲ, ಅವತ್ತು ನಿಮ್ಮ ಯಾವ ತಂತಿ ಕಿತ್ತೋಯ್ತು ಹೇಳಿ” ಎಂದರು. ನನಗೆ ಗೊತ್ತಿತ್ತು, ಆ ತಂತಿ ಬದಲಾಯಿಸಿದವನೇ ನಾನು. ಹೇಳಿದೆ. ಅವರು “ಚೆನ್ನಾಗಿ ಬಾಯಿಪಾಠ ಮಾಡ್ಸಿದಾರೆ” ಎಂದು ಹೊರಟುಹೋದರು. ಅಂದಿನಿಂದ ಕೆರೆ ಕಡೆಗೂ ಹೋಗಿಲ್ಲ. ಶೋ ದಿನ ಕಾರು ಬರುತ್ತದೆ, ಹತ್ತುತ್ತೇನೆ, ಇಳಿಯುತ್ತೇನೆ. ಉಳಿದ ದಿನ ಅಡುಗೆಮನೆ, ಹಾಲ್, ಮಲಗುವ ಕೋಣೆ. ಪರದೆ ಯಾವಾಗಲೂ ಎಳೆದೇ ಇರುತ್ತದೆ. ಹಗಲಲ್ಲೂ ಲೈಟು ಹಾಕಿಕೊಂಡು ಅಮ್ಮ ಅಕ್ಕಿ ಆರಿಸುತ್ತಾಳೆ.

ಆಮೇಲೆ ಯಾರೋ ಕೇಳಿದರಂತೆ, ಇವನು ಮಹಾಂತೇಶ್ ಅಲ್ಲದಿದ್ದರೆ ಮಹಾಂತೇಶ್ ಎಲ್ಲಿ? ಅದಕ್ಕೆ ಜನ ತಾವೇ ಉತ್ತರ ಕಟ್ಟಿಕೊಂಡರು. ಸತ್ತಿದ್ದಾನೆ. ಬ್ಯಾಂಡಿನವರೇ ಮುಚ್ಚಿಹಾಕಿದ್ದಾರೆ. ಮನೆಯವರಿಗೂ ಗೊತ್ತಿದೆ. ಜುಲೈ ತಿಂಗಳ ಒಂದು ಬೆಳಿಗ್ಗೆ ಅಮ್ಮ ಹಾಲು ತರಲು ಕೆಳಗಿಳಿದಳು. ಗೇಟಿಗೆ ಆಳೆತ್ತರದ ಫ್ಲೆಕ್ಸು ಕಟ್ಟಿದ್ದರು. ನಿನ್ನ ಫೋಟೋ, ಕೆಳಗೆ ‘ಭಾವಪೂರ್ಣ ಶ್ರದ್ಧಾಂಜಲಿ’, ಮೇಲೆ ನಿಜವಾದ ಸೇವಂತಿಗೆ ಹಾರ. ಕಟ್ಟಿದವರು ಅಭಿಮಾನದಿಂದಲೇ ಕಟ್ಟಿದ್ದರು, ಊದುಬತ್ತಿ ಕೂಡ ಹಚ್ಚಿಟ್ಟಿದ್ದರು. ಗೋವಿಂದಮ್ಮ ಹಿಡಿದುಕೊಂಡು ಅಮ್ಮನನ್ನು ಮೇಲೆ ಕರೆತಂದರು. ಹಾಲಿನ ಪ್ಯಾಕೆಟ್ಟು ಅವಳ ಕೈಯಲ್ಲೇ ಇತ್ತು. ಮಧ್ಯಾಹ್ನದವರೆಗೆ ಬಿಡಲಿಲ್ಲ.

ಅವತ್ತು ಸಂಜೆ ನನ್ನ ಎದುರು ಕುಳಿತು ಕೇಳಿದಳು. “ನಿಜ ಹೇಳು. ಅವನು ಇದಾನಾ?” ಇದ್ದಾನೆ ಅಮ್ಮ ಎಂದೆ. “ನೀನು ನೋಡಿದೀಯಾ?” ಇಲ್ಲ, ಫೋನ್ ಮಾಡಿದ್ದ ಎಂದೆ. “ನನಗೆ ಯಾಕೆ ಮಾಡ್ಲಿಲ್ಲ?” ನೀನು ಗುಡಿಗೆ ಹೋಗಿದ್ದೆ ಎಂದೆ. “ಆಮೇಲೆ ಎರಡು ವರ್ಷ ನಾನು ಗುಡೀಲೇ ಇದ್ನಾ?” ಎಂದಳು. ಅಣ್ಣ, ನನ್ನ ಮುಖಕ್ಕೆ ಮೊದಲು ಬೂದಿ ಹಚ್ಚಿದವಳು ಅವಳು. ಈ ಊರಿನಲ್ಲಿ ನಿಜ ಗೊತ್ತಿದ್ದ ಐದಾರು ಜನರಲ್ಲಿ ಒಬ್ಬಳು. ಅವಳೂ ಅವರ ಕಥೆ ನಂಬತೊಡಗಿದಳು. ನಾನು ಮತ್ತು ಪ್ರಮೋದ್ ಸೇರಿ ನಿನ್ನ ಸಾವನ್ನು ಅವಳಿಂದ ಬಚ್ಚಿಟ್ಟಿದ್ದೇವೆ ಎಂದು ಅವಳಿಗೆ ಖಾತ್ರಿಯಾಯಿತು. ಒಂದು ವಾರ ಊಟ ಬಿಟ್ಟಳು. ಆಮೇಲೆ ಉಂಡಳು, ಆದರೆ ನಾನು ಬಡಿಸಿದ್ದನ್ನಲ್ಲ. ನಾನು ಕೋಣೆಗೆ ಬಂದರೆ ಎದ್ದು ಹೋಗುತ್ತಿದ್ದಳು. ಬಾಗಿಲ ಹೊರಗೆ ಸಾವಿರಾರು ಜನ ನಂಬದಿದ್ದರೆ ತಡೆದುಕೊಳ್ಳಬಹುದು. ಒಳಗಿರುವ ಒಬ್ಬಳು ನಂಬದಿದ್ದರೆ ಈ ಮನೆಯಲ್ಲಿ ನಾನು ಯಾರು?

ಇನ್ನು ತಡೆಯಲಾರೆ ಎಂದು ಸೆಪ್ಟೆಂಬರಿನಲ್ಲಿ, ಇಲ್ಲೇ ಜೆ.ಪಿ. ನಗರದ ಮೈದಾನದ ಶೋನಲ್ಲಿ, ಮೂರನೇ ಹಾಡು ಮುಗಿದ ಕೂಡಲೇ ವಸಿಷ್ಠನ ಕೈಯಿಂದ ಮೈಕು ತೆಗೆದುಕೊಂಡೆ. ಬಾಟಲಿಯ ನೀರು ಸುರಿದುಕೊಂಡು ಮುಖ ಒರೆಸಿದೆ. “ನಾನು ಮಹಾಂತೇಶ್ ಅಲ್ಲ. ನಾನು ಅವನ ತಮ್ಮ, ವಿಜಯಕುಮಾರ್. ಅವನು ಬದುಕಿದಾನೆ. ಕ್ಷಮಿಸಿ” ಎಂದೆ. ಇಷ್ಟು ಹೇಳಲು ಎರಡು ವರ್ಷ ಬೇಕಾಯಿತು. ಹಿಂದೆ ಡ್ರಮ್ಮಿನ ಸುಶ್ರುತ ಹೆದರಿ ಜೋರಾಗಿ ಬಾರಿಸಿಬಿಟ್ಟ. ಅಷ್ಟೇ, ಜನ ಹುಚ್ಚೆದ್ದು ಕೂಗಿದರು. ಶಿಳ್ಳೆ, ಚಪ್ಪಾಳೆ. ಅವರೆಲ್ಲ ಅದನ್ನು ತಮಾಷೆ ಅಂದುಕೊಂಡರು ಅಣ್ಣ. ಗಾಳಿಸುದ್ದಿ ಹಬ್ಬಿಸಿದವರಿಗೆ ಮಹಾಂತೇಶ್ ಸಖತ್ತಾಗಿ ಕೊಟ್ಟ ಎಂದರು. ‘ನಾನು ಅವನ ತಮ್ಮ’ ಎಂದು ಬರೆದ ಟೀ ಶರ್ಟುಗಳನ್ನು ಪ್ರಮೋದ್ ಹದಿನೈದು ದಿನದಲ್ಲಿ ಅಚ್ಚು ಹಾಕಿಸಿದ. ಇಷ್ಟು ದಿನ ನಾನು ನಕಲಿ ಎನ್ನುತ್ತಿದ್ದವರಲ್ಲಿ ಅರ್ಧ ಜನ ಈಗ, ನಕಲಿಯಾಗಿದ್ದರೆ ತಾನೇ ಒಪ್ಪಿಕೊಳ್ಳುತ್ತಿದ್ದನೇ, ಇವನು ಅಸಲಿಯೇ ಎಂದು ಪಕ್ಷ ಬದಲಿಸಿದರು. ಆಧಾರ್ ಕಾರ್ಡು ಹಿಡಿದು ವಿಡಿಯೋ ಮಾಡಿ ಹಾಕಿದೆ. ಎಡಿಟ್ ಮಾಡಿದ್ದು ಎಂದರು. ಸುಳ್ಳು ಹೇಳಿದಾಗ ಒಳಗೆ ಸಿಕ್ಕಿಕೊಂಡೆ ಸರಿ, ನಿಜ ಹೇಳಿದರೂ ಬಾಗಿಲು ತೆಗೆಯುವುದಿಲ್ಲ ಎಂದರೆ ಏನು ಮಾಡಬೇಕು?

ಈಗ ಫೋಟೋದ ವಿಷಯ. ಕಳೆದ ತಿಂಗಳ ಕೊನೆಯ ಮಂಗಳವಾರ ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ಹೊರಗೆ ಆ ಮೊದಲ ವಿಡಿಯೋದ ಕಾತ್ಯಾಯಿನಿ. ಬನಶಂಕರಿಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸವಂತೆ, ಕೋಟು ಕೈಮೇಲೇ ಇತ್ತು. “ಐದು ನಿಮಿಷ ಸಾರ್, ಫೋನ್ ಬೇಕಾದ್ರೆ ಇಲ್ಲೇ ಹೊರಗಿಡ್ತೀನಿ” ಎಂದು ನಿಜವಾಗಿಯೂ ಚಪ್ಪಲಿಯ ಪಕ್ಕ ಫೋನ್ ಇಟ್ಟು ಒಳಗೆ ಬಂದಳು. ಅವಳಿಗೆ ಐದಾರು ವರ್ಷದ ಹಿಂದೆ ಬದುಕು ಬೇಡವಾಗಿತ್ತಂತೆ. ಆಗ ನಿನಗೆ ಮೇಲ್ ಬರೆದಳಂತೆ, ನೀನು ಉತ್ತರ ಬರೆದೆಯಂತೆ. ತಿಂಗಳಿಗೊಂದು, ಎರಡು, ಹೀಗೆ ಮೂರು ವರ್ಷ. ಈ ವಿಷಯ ನಮಗೆ ಯಾರಿಗೂ ಗೊತ್ತಿರಲಿಲ್ಲ. “ಎರಡು ವರ್ಷದ ಹಿಂದೆ ಆಗಸ್ಟ್ ಆದ್ಮೇಲೆ ಬಂದ ಉತ್ತರಾನ ಅವರು ಬರ್ದಿರಲಿಲ್ಲ. ‘ನಿಮ್ಮ ಪ್ರೀತಿಗೆ ಧನ್ಯವಾದ’ ಅಂತ ಇತ್ತು. ಅವರು ಹಾಗೆ ಬರೆಯಲ್ಲ. ಅವರಿಗೆ ಏನೋ ಆಗಿದೆ ಅಂತ ನನಗೆ ಗೊತ್ತಾಯ್ತು. ಯಾರೂ ಹುಡುಕ್ತಿಲ್ಲ ಅಂತ ವಿಡಿಯೋ ಮಾಡ್ದೆ. ಆಮೇಲೆ ಅದು ನನ್ನ ಕೈ ಮೀರಿ ಹೋಯ್ತು. ಆ ಫ್ಲೆಕ್ಸ್ ನಾನು ಹಾಕ್ಸಿದ್ದಲ್ಲ ಸಾರ್” ಎಂದಳು. ಆ ಮಾತು ಬಂದಾಗ ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು.

ಹುಡುಗಿ ಬ್ಯಾಗಿನಿಂದ ಒಂದು ಪ್ರಿಂಟ್ ತೆಗೆದಳು. ಗದಗಿನ ಕಡೆಯ ಯಾರೋ ಅವಳಿಗೆ ಕಳಿಸಿದ್ದಂತೆ, ಅಲ್ಲಿಯ ಮಠದ ಹಾಸ್ಟೆಲಿನ ವಾರ್ಷಿಕೋತ್ಸವದ ದಿನದ್ದು. ನೀನು ಬಗ್ಗಿ ಮಕ್ಕಳ ತಟ್ಟೆಗೆ ಗೋಧಿ ಹುಗ್ಗಿ ಬಡಿಸುತ್ತಿದ್ದೀಯ. ತಲೆ ಸಣ್ಣಗೆ ಕತ್ತರಿಸಿದ್ದೀಯ, ಗಡ್ಡವಿಲ್ಲ. “ಇದನ್ನ ಯಾರಿಗೂ ತೋರಿಸಿಲ್ಲ, ತೋರಿಸೋದೂ ಇಲ್ಲ. ಅವರೇನಾ ಅಂತ ಹೇಳಿ ಸಾಕು” ಎಂದಳು. ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಬಂದು ಅದನ್ನು ತೆಗೆದುಕೊಂಡಳು. ಕನ್ನಡಕ ಹಾಕಿಕೊಂಡಳು. ಪರದೆಯ ಹತ್ತಿರ ಹೋಗಿ, ಎಷ್ಟೋ ತಿಂಗಳಿಂದ ಮುಟ್ಟದ ಪರದೆಯನ್ನು ಒಂದು ಕೈಯಲ್ಲಿ ಸರಿಸಿ, ಬೆಳಕಿನಲ್ಲಿ ಹಿಡಿದು ನೋಡಿದಳು. “ಸೊರಗಿದಾನೆ” ಎಂದಳು. ಆಮೇಲೆ ಅಲ್ಲೇ ನೆಲದ ಮೇಲೆ ಕುಳಿತು ಅತ್ತಳು. ಕಾತ್ಯಾಯಿನಿಯೂ ಅತ್ತಳು. ನಾನು ಇಬ್ಬರ ನಡುವೆ ನೀರಿನ ಚೊಂಬು ಹಿಡಿದುಕೊಂಡು ನಿಂತಿದ್ದೆ. ಅವತ್ತು ಅಮ್ಮ ನನಗೆ ಬಡಿಸಿದಳು. ತುಪ್ಪ ಎರಡು ಸಲ ಹಾಕಿದಳು.

ಅಣ್ಣಾ, ಈಗ ನಾನು ಕೇಳುವುದು ಒಂದೇ. ಒಂದು ದಿನದ ಮಟ್ಟಿಗೆ ಬಾ. ಗಿಟಾರು ಮುಟ್ಟಬೇಡ, ವೇದಿಕೆ ಹತ್ತಬೇಡ. ನನ್ನ ಪಕ್ಕ ನಿಂತುಕೊ. ಜನ ಇಬ್ಬರನ್ನೂ ಒಟ್ಟಿಗೆ ನೋಡಲಿ. ಆಮೇಲೆ ನೀನು ಹೋಗು, ನಿನ್ನ ಹಿಂದೆ ಯಾರೂ ಬರದಂತೆ ನೋಡಿಕೊಳ್ಳುವುದು ನನ್ನ ಜವಾಬ್ದಾರಿ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಇದೆ. ನಿನ್ನ ನೋವು ನೀನು ಹೊತ್ತುಕೊಂಡು ಹೋದೆ, ನಿನ್ನ ಬದುಕನ್ನು ಇಲ್ಲಿ ಬಿಟ್ಟುಹೋದೆ. ಅದರೊಳಗೆ ನಾನು ಹೊಕ್ಕೆ, ಈಗ ಹೊರಬರುವ ದಾರಿ ನಿನ್ನ ಹತ್ತಿರ ಇದೆ. ನನಗೆ ಮೂವತ್ತೊಂದಾಯಿತು. ನನ್ನ ಹೆಸರಿನವನು ಮಸ್ಕತ್ತಿನಲ್ಲಿ ಏನು ಮಾಡುತ್ತಿದ್ದಾನೋ ನನಗೇ ಗೊತ್ತಿಲ್ಲ.

ಕಿವಿಗೆ ಚಳಿಗಾಳಿ ಬಡಿಯದಂತೆ ಮಫ್ಲರ್ ಸುತ್ತಿಕೊ. ಮಠದ ಹಿರಿಯರಿಗೆ ನನ್ನ ಶರಣು ತಿಳಿಸು. ಅವರು ನಿನ್ನನ್ನು ಏನೂ ಕೇಳದೆ ಇಟ್ಟುಕೊಂಡಿದ್ದಾರೆ, ಆ ಋಣ ಈ ಮನೆಯ ಮೇಲಿದೆ. ಅಮ್ಮನ ಆಶೀರ್ವಾದ.

ನಿನ್ನ ತಮ್ಮ,
ವಿಜಯಕುಮಾರ್

ತಾ.ಕ.: ಶನಿವಾರ ಬೆಳಿಗ್ಗೆ. ಅವಸರದಲ್ಲಿ ಬರೆಯುತ್ತಿದ್ದೇನೆ, ಆಟೋ ಕೆಳಗೆ ನಿಂತಿದೆ. ಈ ಪತ್ರವನ್ನು ಅಂಚೆಗೆ ಹಾಕಲಿಲ್ಲ. ನಿನ್ನೆ ಅಮ್ಮನಿಗೆ ಓದಿ ಹೇಳಿದೆ. ಎಲ್ಲ ಕೇಳಿ, “ಅವನನ್ನ ಕರೀಬೇಡ. ಅವನ ಕಿವಿಗೆ ಮತ್ತೆ ಈ ಗಲಾಟೆ ಬೇಡ. ನೀನೇ ನಿಲ್ಸು” ಎಂದಳು. ಇಷ್ಟು ಸುಲಭದ ಮಾತು ನನಗೆ ಯಾಕೆ ಹೊಳೆದಿರಲಿಲ್ಲವೋ. ಪ್ರಮೋದನಿಗೆ ಫೋನ್ ಮಾಡಿ ನಾಳೆಯ ಶೋಗೆ ಬರುವುದಿಲ್ಲ, ಇನ್ನು ಯಾವತ್ತೂ ಬರುವುದಿಲ್ಲ ಎಂದೆ. ಅವನು ಕೂಗಾಡುತ್ತಾನೆ ಅಂದುಕೊಂಡಿದ್ದೆ. “ಸರಿ ಮಗಾ, ತುಮಕೂರಿನವನೊಬ್ಬ ಇದಾನೆ, ನಿನ್ನಷ್ಟೇ ಎತ್ತರ” ಎಂದ. ಸಹಿ ಹಾಕಿದ ಕಾಗದಗಳ ಬಗ್ಗೆ ಸೋಮವಾರ ವಕೀಲರೊಬ್ಬರನ್ನು ನೋಡುತ್ತೇನೆ. ಏನಾಗುತ್ತದೋ ಆಗಲಿ. ಹಾಗಾಗಿ ಮೇಲೆ ನಾನು ಕೇಳಿದ್ದನ್ನು ನೀನು ಮಾಡಬೇಕಾಗಿಲ್ಲ. ಈ ಪತ್ರ ಹಿಡಿದು ಅಮ್ಮ ತಾನೇ ನಿನ್ನಲ್ಲಿಗೆ ಹೊರಟಿದ್ದಾಳೆ. ಕಾತ್ಯಾಯಿನಿ ಜೊತೆಗಿದ್ದಾಳೆ, ಮಠದ ಗೇಟಿನ ಹೊರಗೇ ನಿಲ್ಲುತ್ತೇನೆ ಎಂದಿದ್ದಾಳೆ. ಸಾಧ್ಯವಾದರೆ ಆ ಹುಡುಗಿಯನ್ನು ಒಂದು ಮಾತಾಡಿಸು. ನಾನು ಬಂದರೆ ನನ್ನ ಹಿಂದೆ ನಾಲ್ಕು ಬೈಕು ಬರುತ್ತವೆ, ಅದಕ್ಕೇ ಬರಲಿಲ್ಲ. ನೀನು ಇದನ್ನು ಓದುವಾಗ ಅಮ್ಮ ನಿನ್ನ ಎದುರೇ ನಿಂತಿರುತ್ತಾಳೆ. ಅವಳ ಬಲಗೈಯ ಚೀಲ ಭಾರವಿದೆ, ರೊಟ್ಟಿ, ಶೇಂಗಾ ಚಟ್ನಿ, ಎರಡು ಸ್ವೆಟರ್. ಮೊದಲು ಅದನ್ನು ಇಳಿಸಿಕೊ. ಅವಳಾಗಿ ಕೆಳಗಿಡುವುದಿಲ್ಲ.